ಒಂದೇ ಬಣ್ಣದ ಗಂಟುಗಳು

ಹೊಂಗೆಮಾಳದ ಮಾದಪ್ಪನ ಗುಡಿಯ ಪೂಜಾರಿ ಗುರುಸಿದ್ದಯ್ಯನವರು ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ. ಈ ಗುಣದಿಂದ ಊರಿಗೆ ಎಷ್ಟು ಅನುಕೂಲವಾಗಿತ್ತೋ ಅವರಿಗೆ ಅಷ್ಟೇ ಫಜೀತಿಯಾಗಿತ್ತು. ಮಗುವಿಗೆ ಜ್ವರ, ಯಂತ್ರ ಕಟ್ಟಿಕೊಡಿ ಎಂದರೆ ಕಟ್ಟುತ್ತಿದ್ದರು. ಕಟ್ಟಿದ ಮೇಲೆ ಕಾಮಗೆರೆ ಆಸ್ಪತ್ರೆಗೂ ಒಂದು ಸಲ ತೋರಿಸಿಬಿಡಿ ಎಂದು ಮೆಲ್ಲಗೆ ಸೇರಿಸುತ್ತಿದ್ದರು. ಬಿತ್ತನೆಗೆ ಒಳ್ಳೆಯ ದಿನ ಮಂಗಳವಾರವೋ ಎಂದು ಒಬ್ಬ ಕೇಳಿದರೆ ಹೌದು, ಬುಧವಾರವೋ ಎಂದು ಇನ್ನೊಬ್ಬ ಕೇಳಿದರೆ ಅದೂ ಹೌದು. ಇಲ್ಲ ಅನ್ನುವ ಮಾತನ್ನು ಇವರ ಬಾಯಿಗೆ ಕೊಡುವುದನ್ನೇ ಮಾದಪ್ಪ ಮರೆತುಬಿಟ್ಟಿದ್ದಾನೆ ಎಂದು ಹೆಂಡತಿ ಚನ್ನಮಲ್ಲಮ್ಮ ಮದುವೆಯಾದ ವರ್ಷವೇ ಕಂಡುಹಿಡಿದಿದ್ದರು.

ಹಾಗಾಗಿ ೧೯೬೦ರ ಪಂಚಾಯ್ತಿ ಚುನಾವಣೆಗೆ ಒಂಬತ್ತು ದಿನ ಮುಂಚೆ ಪಟೇಲ ಸದಾಶಿವಪ್ಪನವರು ಗುಡಿಗೆ ಬಂದು ಕೇಳಿದ್ದಕ್ಕೂ ಗುರುಸಿದ್ದಯ್ಯನವರು ಹೂಂ ಎಂದುಬಿಟ್ಟರು. ಮೊದಲು ಅಯ್ಯನವರ ಕಾಲಿಗೆ ನಮಸ್ಕಾರ ಮಾಡಿ, ಎದ್ದು ನಿಂತ ಮೇಲೆ ಅಪ್ಪಣೆ ಕೊಡುವುದು ಪಟೇಲರ ರೂಢಿ. ಸೋಮವಾರ ಊರವರನ್ನೆಲ್ಲ ಗುಡಿಗೆ ಕರೆಸುತ್ತೇನೆ, ಓಟು ನನಗೇ ಹಾಕುತ್ತೇವೆಂದು ಒಬ್ಬೊಬ್ಬರಿಂದಲೂ ಮಾದಪ್ಪನ ಮೇಲೆ ಆಣೆ ಮಾಡಿಸಬೇಕು ಎಂದರು.

ಆಣೆ ಯಾಕೆ ಬೇಕಾಯಿತು ಎನ್ನುವುದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಕೊಳ್ಳೇಗಾಲದ ಈ ಸೀಮೆಯೆಲ್ಲ ನಾಲ್ಕು ವರ್ಷದ ಹಿಂದಿನವರೆಗೆ ಕೊಯಮತ್ತೂರು ಜಿಲ್ಲೆ, ಮದ್ರಾಸು ರಾಜ್ಯ. ಆಗಲೂ ಪಂಚಾಯ್ತಿ ಇತ್ತು. ಅದರ ಚುನಾವಣೆಯೆಂದರೆ ಹೊಂಗೆಮರದ ಕೆಳಗೆ ಎರಡು ಕುರ್ಚಿ. ಒಂದರಲ್ಲಿ ಕೂತ ಅಧಿಕಾರಿ, ಪಟೇಲರು ಬೇಕು ಎನ್ನುವವರು ಕೈ ಎತ್ತಿ ಎನ್ನುತ್ತಿದ್ದರು. ಇನ್ನೊಂದರಲ್ಲಿ ಕೂತ ಪಟೇಲರು ಯಾರ ಕೈ ಎತ್ತಿದೆ, ಯಾರದು ಎತ್ತಿಲ್ಲ ಎಂದು ನೋಡುತ್ತಿದ್ದರು. ಎತ್ತದೆ ಉಳಿದ ಕೈ ಒಂದೂ ಇರುತ್ತಿರಲಿಲ್ಲ. ನೊಣ ಓಡಿಸಲು ಎತ್ತಿದ ಕೈಯೂ ಅದರಲ್ಲಿ ಸೇರುತ್ತಿತ್ತು. ಹತ್ತು ನಿಮಿಷದಲ್ಲಿ ಸ್ವರಾಜ್ಯ ಮುಗಿದು ಎಲ್ಲರೂ ಹೊಲಕ್ಕೆ ಹೋಗುತ್ತಿದ್ದರು, ಅಧಿಕಾರಿ ಪಟೇಲರ ಮನೆಗೆ ಊಟಕ್ಕೆ ಹೋಗುತ್ತಿದ್ದರು.

ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು, ಹೊಸ ಕಾನೂನು ಬಂತು. ಇನ್ನು ಕೈ ಎತ್ತುವ ಹಾಗಿಲ್ಲ. ಶಾಲೆಯ ಮೂಲೆಗೆ ಕಂಬಳಿ ಕಟ್ಟಿ, ಅದರ ಹಿಂದೆ ನಿಂತವರಿಗೊಂದರಂತೆ ಪೆಟ್ಟಿಗೆ ಇಟ್ಟು, ಪೆಟ್ಟಿಗೆಗೆ ಗುರುತು ಅಂಟಿಸುತ್ತಾರೆ. ಒಬ್ಬೊಬ್ಬರೇ ಒಳಗೆ ಹೋಗಿ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು. ದೊಡ್ಡ ಚುನಾವಣೆಗಳಲ್ಲಿ ಊರವರು ಇದನ್ನು ಎರಡು ಸಲ ಮಾಡಿದ್ದರು, ನಿಜ. ಆದರೆ ಅಲ್ಲಿ ನಿಂತವರು ಮುಖ ಕಾಣದ ದೂರದವರು, ಪಟೇಲರು ಹೇಳಿದ ಗುರುತಿಗೆ ಹಾಕಿದ್ದರು, ಯಾರಿಗೂ ಏನೂ ಅನ್ನಿಸಿರಲಿಲ್ಲ. ಈಗ ಊರಿನವರೇ ಇಬ್ಬರು ಎದುರುಬದುರು ನಿಂತಿದ್ದರು. ಪಟೇಲರಿಗೆ ತಕ್ಕಡಿ ಗುರುತು, ಕೆಂಪನಂಜಪ್ಪನಿಗೆ ಏಣಿ.

ಕೆಂಪನಂಜಪ್ಪ ಹದಿನೈದು ವರ್ಷ ಕೊಯಮತ್ತೂರಿನ ಗಿರಣಿಯಲ್ಲಿ ದುಡಿದು, ಸೀಮೆ ಮೈಸೂರಿಗೆ ಸೇರಿದ ವರ್ಷವೇ ಊರಿಗೆ ವಾಪಸಾದವನು. ಕೋಪ ಬಂದಾಗ ತಮಿಳು ಬರುತ್ತಿತ್ತು, ಉಳಿದ ಹೊತ್ತಿನಲ್ಲಿ ಸಾಧು. ಅವನು ಹೇಳುತ್ತಿದ್ದದ್ದು ಒಂದೇ ಮಾತು: ಊರ ಕಟ್ಟೆಯ ನೀರಿಗೆ ಸರದಿ ಬೇಕು. ಕಟ್ಟೆಯ ನೀರು ಮೊದಲು ಪಟೇಲರ ಹಿಪ್ಪುನೇರಳೆ ತೋಟಕ್ಕೆ ಹೋಗಿ, ತೋಟ ಸಾಕು ಎಂದ ಮೇಲೆ ಬೇರೆಯವರಿಗೆ ಸಿಗುವುದು ಅಜ್ಜನ ಕಾಲದಿಂದ ಬಂದ ಪದ್ಧತಿ. ಕೆಳಗೇರಿಯ ಹೆಂಗಸರು ಮಧ್ಯಾಹ್ನದವರೆಗೆ ಖಾಲಿ ಕೊಡ ಇಟ್ಟುಕೊಂಡು ಏರಿಯ ಮೇಲೆ ಕೂತಿರುತ್ತಿದ್ದರು. ಈ ಸರದಿಯ ಮಾತು ಜನರಿಗೆ ಹಿಡಿಸಿದೆ ಎನ್ನುವ ಸುಳಿವು ಪಟೇಲರಿಗೆ ಸಿಕ್ಕಿತ್ತು. ಕಂಬಳಿಯ ಹಿಂದೆ ತಾವು ಕುರ್ಚಿ ಹಾಕಿಕೊಂಡು ಕೂರುವಂತಿಲ್ಲ, ಮಾದಪ್ಪನನ್ನಾದರೂ ಕೂರಿಸೋಣ ಎಂದುಕೊಂಡರು. ಅದಕ್ಕೇ ಆಣೆ.

ಸೋಮವಾರ ಕೆಂಪನಂಜಪ್ಪನ ಮನೆಯವರನ್ನು ಬಿಟ್ಟು ಇನ್ನೂರಕ್ಕೂ ಮಿಕ್ಕಿ ಜನ ಸೇರಿದರು. ಪಟೇಲರೇ ಮೊದಲು ಬಂದು, ಮಾದಪ್ಪನ ಹುಲಿವಾಹನದ ಮೇಲೆ ಕೈಯಿಟ್ಟು, ಅಂಗೈಯಲ್ಲಿ ವಿಭೂತಿ ಹಿಡಿದು, ತಕ್ಕಡಿಗೇ ಹಾಕುತ್ತೇನೆ ಎಂದು ಗಟ್ಟಿಯಾಗಿ ಹೇಳಿದರು. ತನ್ನ ಓಟು ತನಗೇ ಹಾಕುತ್ತೇನೆಂದು ಆಣೆ ಮಾಡಿದ ಮನುಷ್ಯನನ್ನು ಆ ಊರು ಕಂಡದ್ದು ಅದೇ ಮೊದಲು. ಆಮೇಲೆ ಒಬ್ಬೊಬ್ಬರೇ ಬಂದರು. ಗುರುಸಿದ್ದಯ್ಯನವರು ಮಾತು ಹೇಳಿಕೊಡುವುದು, ಅವರು ತಿರುಗಿ ಹೇಳುವುದು. ಮುದುಕ ಮುತ್ತಯ್ಯನ ಕೈ ಹುಲಿಯ ಮೇಲೆ ನಡುಗುತ್ತಿತ್ತು. ಅವನು ಪಟೇಲರ ಎರಡೆಕರೆ ಹೊಲವನ್ನು ವಾರಕ್ಕೆ ಮಾಡುತ್ತಿದ್ದವನು, ಅಂದರೆ ಬೆಳೆದದ್ದರಲ್ಲಿ ಅರ್ಧ ಪಟೇಲರಿಗೆ ಕೊಟ್ಟು ಅರ್ಧ ತಾನು ತಿನ್ನುತ್ತಿದ್ದವನು. ಊರಿನ ನಲವತ್ತು ಮನೆ ಹಾಗೆಯೇ ಬದುಕುತ್ತಿದ್ದವು. ಎಲ್ಲ ಮುಗಿದಾಗ ಪಟೇಲರು ನಗುತ್ತ, ನೀವೂ ಒಂದು ಮಾತು ಹೇಳಿಬಿಡಿ ಅಯ್ನೋರೆ ಎಂದರು. ಗುರುಸಿದ್ದಯ್ಯನವರು ಹೇಳಿದರು.  ನನ್ನ ದೇವರನ್ನು ಪಟೇಲರ ತೋಟ ಕಾಯಲು ಕಳಿಸಿಬಿಟ್ಟೆನಲ್ಲ ಎನ್ನುವ ಸಂಕಟ ವಾರವಿಡೀ ಅವರನ್ನು ತಿಂದಿತು.

ಭಾನುವಾರ ಚುನಾವಣೆ. ಗುರುಸಿದ್ದಯ್ಯನವರು ಆಣೆಗೆ ತಪ್ಪಬಾರದು ಎಂದುಕೊಂಡೇ ಕಂಬಳಿಯ ಹಿಂದೆ ಹೋದವರು. ಒಳಗೆ ಅರೆಗತ್ತಲು. ಎಡಗಡೆ ತಕ್ಕಡಿ, ಬಲಗಡೆ ಏಣಿ. ಚೀಟಿ ಹಿಡಿದು ನಿಂತಾಗ ಏರಿಯ ಮೇಲೆ ಸಾಲಾಗಿ ಕೂತಿರುತ್ತಿದ್ದ ಖಾಲಿ ಕೊಡಗಳು ಯಾಕೋ ನೆನಪಾದವು. ಕೈ ಬಲಗಡೆಗೆ ಹೋಯಿತು, ಚೀಟಿ ಪೆಟ್ಟಿಗೆಯೊಳಗೆ ಬಿತ್ತು. ಐವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಒಬ್ಬರಿಗೆ ಇಲ್ಲ ಎಂದಿದ್ದೇನೆ, ಅದೂ ಬಾಯಿ ತೆರೆಯದೆ, ಎಂದು ಹೊರಗೆ ಬಂದ ಮೇಲೆ ಅವರಿಗೆ ಹೊಳೆಯಿತು. ಹಿತವೆನ್ನಿಸಿತು. ಅದರ ಹಿಂದೆಯೇ ಹೆದರಿಕೆಯೂ ಬಂತು, ಯಾಕೆಂದರೆ ಆಣೆ ತಪ್ಪಿದ್ದು ಸಣ್ಣ ಮಾತಲ್ಲ.

ಅದಕ್ಕೆ ಪರಿಹಾರವೂ ಆ ಗುಡಿಯಲ್ಲೇ ಇತ್ತು. ಆಣೆ ತಪ್ಪಿದವರು ತಪ್ಪುಕಾಣಿಕೆ ಕಟ್ಟಬೇಕು. ಉಟ್ಟ ಬಟ್ಟೆಯಿಂದ ಒಂದು ಗೇಣು ಹರಿದು, ಅದರಲ್ಲಿ ಒಂದು ಕಾಸು, ಒಂದು ಚಿಟಿಕೆ ವಿಭೂತಿ ಇಟ್ಟು ಗಂಟು ಹಾಕಿ, ಹುಲಿವಾಹನದ ಮುಂದಿನ ಕಬ್ಬಿಣದ ಕಂಬಿಗೆ ಬಿಗಿದರೆ ದೇವರು ಕ್ಷಮಿಸುತ್ತಾನೆ. ಕಟ್ಟಿದ ಗಂಟನ್ನು ಅಮಾವಾಸ್ಯೆಯವರೆಗೆ ಯಾರೂ ಬಿಚ್ಚುವಂತಿಲ್ಲ, ಪೂಜಾರಿ ಕೂಡ. ತಿಂಗಳಿಗೆ ಎರಡೋ ಮೂರೋ ಗಂಟು ಬೀಳುತ್ತಿದ್ದವು. ಹೆಚ್ಚಾಗಿ ಕುಡಿತ ಬಿಡುತ್ತೇನೆ ಎಂದವರದು. ಸೋಮವಾರ ಮುಂಜಾನೆ, ಪೂಜೆಗೆ ಮುಂಚೆಯೇ, ಗುರುಸಿದ್ದಯ್ಯನವರು ತಮ್ಮ ಕಾವಿ ಪಂಚೆಯ ಅಂಚು ಹರಿದು ಮೊದಲ ಗಂಟು ಕಟ್ಟಿ, ಮನಸ್ಸು ಹಗುರ ಮಾಡಿಕೊಂಡು ಗಂಟೆ ಬಾರಿಸಿದರು.

ಅವರು ತಿರುಗಿ ನೋಡುವುದರೊಳಗೆ ಮುತ್ತಯ್ಯ ಬಂದು ನಿಂತಿದ್ದ. ಮಾದಪ್ಪನ ವಾರ ಅಲ್ಲವೇ, ಬಂದೆ ಎಂದ. ನಮಸ್ಕಾರ ಮಾಡುವ ನೆವದಲ್ಲಿ ಕಂಬಿಗೆ ಬಾಗಿ, ಎದ್ದಾಗ ಅಲ್ಲಿ ಅವನ ಹಸಿರು ಗೆರೆಯ ಟವಲಿನ ಚೂರು ನೇತಾಡುತ್ತಿತ್ತು. ಅವನ ಹಿಂದೆ ಪುಟ್ಟಮಾದಮ್ಮ ಬಂದಳು, ಮಗುವಿಗೆ ದೃಷ್ಟಿಯಾಗಿದೆ ಎಂದಳು. ಮಗುವನ್ನು ತರುವುದನ್ನೇ ಮರೆತಿದ್ದಳು. ಮಹದೇವು ಬಂದ, ಪುಟ್ಟಬಸಮ್ಮ ಬಂದಳು. ಬಿಸಿಲು ಏರುವ ಹೊತ್ತಿಗೆ ಗುಡಿಯ ಮುಂದೆ ಸಾಲು ಹತ್ತಿತ್ತು. ಒಬ್ಬರೂ ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ. ಎಲ್ಲರಿಗೂ ಹೊಟ್ಟೆನೋವೋ ಹಲ್ಲುನೋವೋ ಹಸುವಿಗೆ ಹಾಲಿಲ್ಲದಿರುವುದೋ ಒಂದಲ್ಲ ಒಂದು ಕಾರಣವಿತ್ತು, ಎಲ್ಲರ ಮುಷ್ಟಿಯಲ್ಲೂ ಒಂದು ಗಂಟಿತ್ತು. ಗುರುಸಿದ್ದಯ್ಯನವರಿಗೆ ನಗು ಬಂತು, ಅದನ್ನು ಮಂತ್ರದಲ್ಲಿ ಸೇರಿಸಿ ನುಂಗಿಕೊಂಡರು. ಇಡೀ ಊರು ಇಲ್ಲ ಎಂದಿತ್ತು!

ಸಾಲು ಕರಗಿದ ಮೇಲೆ ಪಟೇಲರ ಹೆಂಡತಿ ಶಂಕರಮ್ಮ ದೀಪಕ್ಕೆ ಎಣ್ಣೆ ಹಿಡಿದು ಬಂದರು. ಎಣ್ಣೆ ಕೊಟ್ಟರೂ ಹೋಗಲಿಲ್ಲ. ಸುತ್ತ ನೋಡಿ, ಸೆರಗಿನೊಳಗಿಂದ ಒಂದು ಗಂಟು ತೆಗೆದು ಕಂಬಿಯ ತೀರ ಕೆಳಗೆ, ಬೇರೆ ಗಂಟುಗಳ ಮರೆಯಲ್ಲಿ ಕಟ್ಟಿದರು. ಕೊಳ್ಳೇಗಾಲದ ನೇರಳೆ ಬಣ್ಣದ ರೇಷ್ಮೆ, ಜರಿ ಸಮೇತ. ಊರಿನಲ್ಲಿ ಅಂಥ ಸೀರೆ ಇದ್ದದ್ದು ಒಂದೇ. ಗುರುಸಿದ್ದಯ್ಯನವರು ಬಾಯಿ ತೆರೆದವರು ಮುಚ್ಚಲು ಮರೆತರು.

ಶಂಕರಮ್ಮ ತಗ್ಗಿದ ದನಿಯಲ್ಲಿ ಹೇಳಿದರು: "ಮೂವತ್ತು ವರ್ಸಾಯ್ತು ಅಯ್ನೋರೆ. ಅಮಲ್ದಾರ್ರು ಬಂದ್ರೂ ನಮ್ಮನೇಲೇ ಊಟ, ಪೋಲಿಸ್ನೋರು ಬಂದ್ರೂ ನಮ್ಮನೇಲೇ ಊಟ. ಈಗ ಮೆಂಬರ್ರು ಬೇರೆ ಆಗ್ಬುಟ್ರೆ ನಾನು ಒಲೆ ಮುಂದ್ಲಿಂದ ಏಳೋದು ಯಾವಾಗ? ಅವ್ರಿಗೆ ಗೊತ್ತಾಗ್ದಂಗೆ ನೋಡ್ಕಳಿ."

ಗುರುಸಿದ್ದಯ್ಯನವರು ಎಂದಿನಂತೆ ಹೂಂ ಎಂದರು. ಶಂಕರಮ್ಮ ಹೋದ ಮೇಲೆ ಕಂಬಿಯ ಕಡೆ ತಿರುಗಿ ನೋಡಿದಾಗ ಮಾತ್ರ ಆಗಿರುವ ಅನಾಹುತ ಅವರಿಗೆ ಹೊಳೆಯಿತು. ಹಸಿರು ಗೆರೆ ಮುತ್ತಯ್ಯನದು, ಹೂವಿನ ಬಟ್ಟೆ ಪುಟ್ಟಮಾದಮ್ಮನದು, ತೇಪೆ ಹಾಕಿದ ನೀಲಿ ಮಹದೇವುದು. ಒಂದು ಊರಿನಲ್ಲಿ ಯಾರ ಮೈಮೇಲೆ ಯಾವ ಬಟ್ಟೆ ಎಂದು ಯಾರಿಗೆ ಗೊತ್ತಿಲ್ಲ? ವರ್ಷಕ್ಕೊಂದು ಜೊತೆ ಬಟ್ಟೆ ಕಾಣುವ ಜನ. ಸರ್ಕಾರ ಕಂಬಳಿ ಕಟ್ಟಿ, ಪೆಟ್ಟಿಗೆಗೆ ಬೀಗ ಹಾಕಿ, ಅರಗಿನ ಮುದ್ರೆ ಒತ್ತಿ ಅಷ್ಟು ಜತನದಿಂದ ಮುಚ್ಚಿಟ್ಟದ್ದನ್ನು ಈ ಭಕ್ತರೆಲ್ಲ ತಾವೇ ತಂದು ಬಯಲಲ್ಲಿ ನೇತುಹಾಕಿ, ಸಮಾಧಾನದಿಂದ ಮನೆಗೆ ಹೋಗಿದ್ದರು.

ಹೀಗೆ ಅಂದುಕೊಳ್ಳುವಷ್ಟರಲ್ಲಿ ಪುಟ್ಟಬಸಪ್ಪ ಬಂದ. ಶಂಕರಮ್ಮನ ತಮ್ಮ, ಪಟೇಲರ ಬಲಗೈ, ಪಟೇಲರಿಗಿಂತ ಹೆಚ್ಚು ಪಟೇಲಿಕೆ ಮಾಡುವವನು. ಪ್ರಸಾದಕ್ಕೆ ಕೈ ಚಾಚಿದವನು ಕಂಬಿ ನೋಡಿ ಕೈಯನ್ನು ಹಾಗೇ ನಿಲ್ಲಿಸಿದ. ಗುರುಸಿದ್ದಯ್ಯನವರು ಮೆಲ್ಲನೆ ಸರಿದು ರೇಷ್ಮೆ ಚೂರಿಗೆ ಅಡ್ಡ ನಿಂತರು.

"ಇದೇನ್ ಅಯ್ನೋರೆ ಇಷ್ಟೊಂದು ತಪ್ಪು, ಒಂದೇ ದಿನಕ್ಕೆ?" ಎಂದು ಹತ್ತಿರ ಬಗ್ಗಿದ. "ಓಹೋ. ಇದು ಮುತ್ತಯ್ಯನ ಟವಲಲ್ವಾ? ಸರಿ ಬುಡಿ. ಉಂಡ್ಕಂಡು ಪುಸ್ತಕ ತಕಂಡು ಬತ್ತೀನಿ. ಒಂದೊಂದ್ ಚಿಂದಿಗೂ ಎಸ್ರು ಬರ್ಕತೀನಿ. ಮುಂದಿನ್ ವರ್ಸ ಯಾರ್ ಒಲದಲ್ಲಿ ಯಾರು ನೇಗ್ಲು ಕಟ್ತಾರೆ ನೋಡೇ ಬುಡನ."

ಅವನು ಹೋದ. ಗುರುಸಿದ್ದಯ್ಯನವರು ಗುಡಿಯ ಕಟ್ಟೆಯ ಮೇಲೆ ಕುಸಿದು ಕೂತರು. ನಲವತ್ತು ಮನೆ. ಅವರಿಗೆಲ್ಲ ಆಣೆಯ ಮಾತು ಹೇಳಿಕೊಟ್ಟದ್ದು ತಮ್ಮ ಬಾಯಿ. ಗಂಟು ಬಿಚ್ಚಿ ಬಚ್ಚಿಡೋಣವೆಂದರೆ ಅಮಾವಾಸ್ಯೆಗೆ ಇನ್ನೂ ಐದು ದಿನ. ಬಿಚ್ಚಿದರೆ ಅಷ್ಟೂ ಜನರ ತಪ್ಪು ಅವರವರ ತಲೆಗೇ ವಾಪಸು. ಬಿಡೋಣವೆಂದರೆ ಪುಟ್ಟಬಸಪ್ಪ ಊಟ ಮುಗಿಸುವಷ್ಟೇ ಹೊತ್ತು. ನಡುಮನೆಯಲ್ಲಿ ರಾಗಿ ಬೀಸುತ್ತಿದ್ದ ಚನ್ನಮಲ್ಲಮ್ಮನನ್ನು ಕರೆದು ಎಲ್ಲ ಹೇಳಿದರು, ಶಂಕರಮ್ಮನ ಗಂಟೊಂದನ್ನು ಬಿಟ್ಟು.

ಚನ್ನಮಲ್ಲಮ್ಮ ಕಂಬಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಎಡ ತುದಿಯಲ್ಲಿ ಎಲ್ಲಕ್ಕಿಂತ ಮೊದಲು ಕಟ್ಟಿದ ಗಂಟಿನ ಮುಂದೆ ನಿಂತರು. ಇಡೀ ಊರಿನಲ್ಲಿ ಕಾವಿ ಉಡುವವರು ಒಬ್ಬರೇ.

"ಇದ್ಯಾರ್ದು?" ಎಂದರು.

ಗುರುಸಿದ್ದಯ್ಯನವರು ತಲೆ ತಗ್ಗಿಸಿದರು. ಚನ್ನಮಲ್ಲಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಸ್ವಲ್ಪ ಹೊತ್ತು ಆ ಕಾವಿ ಚೂರನ್ನೇ ಬೆರಳಲ್ಲಿ ಹಿಡಿದು ನೋಡಿ ಅಂದರು: "ಬಿಚ್ಚಬಾರ್ದು ಅಂತ ತಾನೆ ಇರೋದು? ಬಣ್ಣ ಆಕ್ಬಾರ್ದು ಅಂತ ಯಾರ್ ಏಳವ್ರೆ? ಎಲ್ಲಾನೂ ನಿಮ್ದೇ ಬಣ್ಣ ಮಾಡ್ಬುಡನ ಬನ್ನಿ."

ಪಂಚೆಗೆ ಕಾವಿ ಹಾಕುವುದು ಆ ಮನೆಯಲ್ಲಿ ತಿಂಗಳಿಗೊಮ್ಮೆ ನಡೆಯುವ ಕೆಲಸ. ಕಾವಿ ಕಲ್ಲು ಮೂಟೆಯಲ್ಲಿತ್ತು. ಒಬ್ಬರು ಅರೆದರು, ಒಬ್ಬರು ಕದಡಿದರು. ತೆಳ್ಳಗಿದ್ದರೆ ಬಣ್ಣದ ಕೆಳಗೆ ಗೆರೆ ಕಾಣುತ್ತದೆಂದು ಮಜ್ಜಿಗೆಯಷ್ಟು ಮಂದ ಮಾಡಿದರು. ಗಂಟು ಬಿಚ್ಚದೆ, ಒಂದೊಂದನ್ನೂ ಚೊಂಬಿನೊಳಗೆ ಮುಳುಗಿಸಿ, ಹಿಂಡಿ, ಬಿಟ್ಟರು. ಮುತ್ತಯ್ಯನ ಹಸಿರು ಗೆರೆ ಹೋಯಿತು, ಪುಟ್ಟಮಾದಮ್ಮನ ಹೂವು ಹೋದವು. ಕಪ್ಪು ಸೀರೆಯ ಚೂರುಗಳು ಹಟ ಮಾಡಿದವು. ಅವಕ್ಕೆ ವಿಭೂತಿ ಬೆರೆಸಿದ ಕಾವಿಯನ್ನು ಮೂರು ಸಲ ಬಳಿಯಬೇಕಾಯಿತು. ರೇಷ್ಮೆ ಚೂರನ್ನು ಗುರುಸಿದ್ದಯ್ಯನವರು ತಾವೇ ಹೆಂಡತಿಗೆ ಬೆನ್ನು ಮಾಡಿ ಕೂತು ಅದ್ದಿದರು. ಜರಿ ಮಿನುಗುತ್ತಲೇ ಇತ್ತು. ಅದನ್ನು ಗಂಟಿನೊಳಕ್ಕೆ ಹೆಬ್ಬೆರಳಲ್ಲಿ ಒತ್ತಿ ತುರುಕಿ, ಮತ್ತೊಮ್ಮೆ ಅದ್ದಿದರು. ಇಬ್ಬರ ಕೈಯೂ ಮೊಣಕೈವರೆಗೆ ಕೆಂಪಾಗಿತ್ತು. ಕೆಲಸ ಮುಗಿದಾಗ ಚನ್ನಮಲ್ಲಮ್ಮ, ನೂರಮೂವತ್ತೊಂದು ಎಂದರು. ಅದ್ದುತ್ತಾ ಎಣಿಸಿಬಿಟ್ಟಿದ್ದರು.

ಪುಟ್ಟಬಸಪ್ಪ ಪುಸ್ತಕ, ಪೆನ್ಸಿಲ್ಲು ಹಿಡಿದು, ಎಲೆಯಡಿಕೆ ಜಗಿಯುತ್ತಾ ಬಂದಾಗ ಕಂಬಿಯಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ಅವನು ಈ ತುದಿಯಿಂದ ಆ ತುದಿಗೆ ಹೋದ, ಆ ತುದಿಯಿಂದ ಈ ತುದಿಗೆ ಬಂದ. ಬೆಳಿಗ್ಗೆ ಕಂಡ ಟವಲು ಯಾವುದೆಂದು ಹುಡುಕಿದ. ಎಲ್ಲವೂ ಸನ್ಯಾಸ ತೆಗೆದುಕೊಂಡಿದ್ದವು. ಇದೇನು ಮಾಡಿದಿರಿ ಎಂದು ಕೇಳಿದ. ಮಾದಪ್ಪ ಸನ್ಯಾಸಿ, ಅವನಿಗೆ ಬಂದದ್ದಕ್ಕೆ ಕಾವಿ ಹಾಕಿದೆ ಎಂದರು ಗುರುಸಿದ್ದಯ್ಯನವರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

"ಬಿಚ್ಚಿ," ಎಂದ ಪುಟ್ಟಬಸಪ್ಪ. "ಒಳ್ಗಡೆ ಮಡಿಕೇಲಿ ಬಣ್ಣ ಇಡ್ದಿರಲ್ಲ. ಒಂದೊಂದಾಗಿ ಬಿಚ್ಚಿ ತೋರ್ಸಿ."

 ಬಾಗಿಲಲ್ಲಿ ನಿಂತಿದ್ದ ಚನ್ನಮಲ್ಲಮ್ಮ ಗಂಡನ ಬಾಯಿಯನ್ನೇ ನೋಡುತ್ತಿದ್ದರು. ಇವರು ಈಗ ಹೂಂ ಎನ್ನುತ್ತಾರೆ ಎಂದು ಅವರಿಗೆ ಖಾತ್ರಿಯಿತ್ತು. ಮೂವತ್ತೆರಡು ವರ್ಷದ ಅನುಭವ.

"ಇಲ್ಲ," ಎಂದರು ಗುರುಸಿದ್ದಯ್ಯನವರು.

ತಾವೇ ಹೇಳಿದ್ದನ್ನು ತಾವೇ ಕೇಳಿಸಿಕೊಂಡು ಅವರಿಗೆ ಇನ್ನಷ್ಟು ಧೈರ್ಯ ಬಂತು. "ಅಮಾಸೆಗಂಟ ಬಿಚ್ಚಕಿಲ್ಲ. ನಿಂಗೆ ಬಿಚ್ಚಲೇಬೇಕು ಅಂದ್ರೆ ಬಿಚ್ಕಪ್ಪ. ಆದ್ರೆ ಬಿಚ್ದೋರ್ ತಲೆ ಮೇಲೆ ಗಂಟಿನ್ ತಪ್ಪು ಬತ್ತದೆ. ನೂರಮೂವತ್ತೊಂದ್ ಇದಾವೆ, ಎಲ್ಲಾನೂ ಒತ್ಕತೀಯಾ?"

ಪುಟ್ಟಬಸಪ್ಪ ಒಂದು ಗಂಟಿನ ಹತ್ತಿರ ಕೈ ಒಯ್ದ. ಹುಲಿವಾಹನ ಅವನನ್ನೇ ನೋಡುತ್ತಿತ್ತು. ಕೈ ಹಿಂದಕ್ಕೆ ಬಂತು. ಭಾವನಿಗೆ ಹೇಳುತ್ತೇನೆ, ಭಾವನೇ ಬಂದು ನೋಡಿಕೊಳ್ಳುತ್ತಾರೆ ಎಂದು ಹೇಳಿ, ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟುಹೋದ. ಚನ್ನಮಲ್ಲಮ್ಮ ಒಳಗಿಂದ ಒಂದು ಲೋಟ ಮಜ್ಜಿಗೆ ತಂದು ಗಂಡನ ಕೈಗಿಟ್ಟರು.  ಲೋಟ ಕೊಡುವಾಗ ಎರಡೂ ಕೈಯಲ್ಲಿ ಕೊಟ್ಟರು, ಹೊಸ ಅಳಿಯನಿಗೆ ಕೊಡುವ ಹಾಗೆ.

ಪಟೇಲರು ಬಂದದ್ದು ಇಳಿಹೊತ್ತಿನಲ್ಲಿ. ಒಬ್ಬರೇ ಬಂದರು. ಗುರುಸಿದ್ದಯ್ಯನವರಿಗೆ ಮಧ್ಯಾಹ್ನದ ಧೈರ್ಯವೆಲ್ಲ ಅಷ್ಟು ಹೊತ್ತಿಗೆ ಖರ್ಚಾಗಿಹೋಗಿತ್ತು. ಪಟೇಲರು ನಮಸ್ಕಾರ ಮಾಡಿ ಎದ್ದರು. ಅಪ್ಪಣೆ ಬರಲಿಲ್ಲ. ಕಂಬಿಯ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿಕೊಂಡು ತುಂಬ ಹೊತ್ತು ನಿಂತರು. ಆಮೇಲೆ ಎಷ್ಟಿವೆ ಎಂದು ಕೇಳಿದರು. ಗುಡಿಯೊಳಗೆ ಸುಳ್ಳು ಹೇಳುವುದು ಹೇಗೆ? ಗುರುಸಿದ್ದಯ್ಯನವರು ಲೆಕ್ಕ ಹೇಳಿದರು. ನಾಳೆ ಹನೂರಿನಲ್ಲಿ ಪೆಟ್ಟಿಗೆ ಒಡೆಯುವ ಮೊದಲೇ ಪಟೇಲರಿಗೆ ತಾವು ಸೋತದ್ದು ತಿಳಿಯಿತು.

ಸಿಟ್ಟು ಬರುತ್ತದೆ ಎಂದು ಗುರುಸಿದ್ದಯ್ಯನವರು ಕಾದರು. ಪಟೇಲರು ಗುಡಿಯ ಕಟ್ಟೆಯ ಮೇಲೆ ಕೂತು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡರು. ನಿಮ್ಮ ಹೆಂಡತಿ ಒಳಗಿದ್ದಾರೆಯೇ ಎಂದು ಕೇಳಿದರು. ನೀರಿಗೆ ಹೋಗಿದ್ದಾಳೆ ಎಂದ ಮೇಲೆ ಸೊಂಟದಿಂದ ಏನನ್ನೋ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡರು.

"ಅಯ್ನೋರೆ, ಮೈಸೂರ್ ಡಾಕ್ಟ್ರು ನಂಗೆ ಕನ್ನಡ್ಕ ಕೊಟ್ಟು ಎರಡ್ ವರ್ಸ ಆಯ್ತು. ಜನದ್ ಮುಂದೆ ಆಕ್ಕಳಲ್ಲ ನಾನು. ನಮ್ಮಪ್ಪ ಎಂಬತ್ ವರ್ಸಕ್ಕೂ ಸೂಜಿಗೆ ದಾರ ಪೋಣಿಸ್ತಿದ್ರು, ಗೊತ್ತಲ್ಲ ನಿಮ್ಗೆ. ನೆನ್ನೆ ಕಂಬ್ಳಿ ಇಂದ್ಗಡೆ ಕತ್ತ್ಲು. ಎರಡ್ ಪೆಟ್ಗೆನೂ ಒಂದೇ ತರ ಕಾಣ್ತು. ಬಲಗಡೇದು ಶುಭ ಅನ್ಕಂಡು ಬಲಗಡೆಗೆ ಆಕ್ಬುಟ್ಟೆ. ಈಚ್ಗೆ ಬಂದು ಕೇಳಿದ್ರೆ ತಕ್ಕಡಿ ಎಡಗಡೆ ಅಂತಾರೆ."

ಮುಷ್ಟಿ ಬಿಚ್ಚಿದರು. ಪಂಚೆಯ ಜರಿಯಂಚಿನಲ್ಲಿ ಕಟ್ಟಿದ ಗಂಟು. ಗುರುಸಿದ್ದಯ್ಯನವರು ಗಂಟನ್ನು ನೋಡಿದರು, ಪಟೇಲರನ್ನು ನೋಡಿದರು. ನಗಬಾರದು ಎಂದು ಹಲ್ಲು ಕಚ್ಚಿಕೊಂಡರು, ಆದರೆ ನಗು ಬರುವ ಮೊದಲೇ ಅದು ಇಳಿದುಹೋಯಿತು, ಯಾಕೆಂದರೆ ಪಟೇಲರ ಕೈ ನಡುಗುತ್ತಿತ್ತು. ಹುಲಿಯ ಮೇಲೆ ಮುತ್ತಯ್ಯನ ಕೈ ನಡುಗಿದ ಹಾಗೆಯೇ.

"ರಾತ್ರಿಯೆಲ್ಲ ನಿದ್ದೆ ಬರ್ನಿಲ್ಲ," ಎಂದರು ಪಟೇಲರು. "ಕಣ್ಣು ಕಾಣ್ದೆ ಆದ ತಪ್ಪಿಗೆ ನಾನೇ ಇಷ್ಟು ಎದ್ರಕಂಡಿವ್ನಿ. ನನ್ನೂ ಎದ್ರಕಂಡು ಮಾದಪ್ಪನ್ನೂ ಎದ್ರಕಂಡು, ಆದ್ರೂ ಏಣಿಗ್ ಆಕ್ದೋರು ಎಷ್ಟ್ ಎದ್ರಕಂಡಿರ್ಬೇಕು. ಆ ಆಣೆ ಮಾಡುಸ್ಬಾರ್ದಾಗಿತ್ತು ನಾನು. ಪುಟ್ಟಬಸಪ್ಪಂಗೆ ಏಳಿದ್ದೀನಿ, ಪುಸ್ತಕ ಒಲೆಗಾಕು ಅಂತ." ದನಿ ಇನ್ನೂ ತಗ್ಗಿಸಿದರು. "ನಂದೂನೂ ಆ ಕಾವಿ ನೀರ್ಗೆ ಅದ್ಬುಡಿ. ನಮ್ಮನೇವ್ಳಿಗೆ ಗೊತ್ತಾಗೋದ್ ಬ್ಯಾಡ. ನಂಗೆ ನಾನೇ ಓಟ್ ಹಾಕ್ಕಳಕಾಗ್ನಿಲ್ಲ ಅಂದ್ರೆ ಸಾಯೋಗಂಟ ಆಡ್ಕಂಡ್ ನಗ್ತಾಳೆ."

ಗುರುಸಿದ್ದಯ್ಯನವರಿಗೆ ಎದೆಯ ಮೇಲಿಂದ ಯಾರೋ ಕಲ್ಲು ಎತ್ತಿ ಆಚೆಗಿಟ್ಟಂತಾಯಿತು.  ಚೊಂಬಿನ ತಳದಲ್ಲಿ ಇನ್ನೂ ಬಣ್ಣ ಉಳಿದಿತ್ತು. ಪಟೇಲರ ಗಂಟನ್ನು ಅದ್ದಿ, ಹಿಂಡಿ, ಕಂಬಿಯಲ್ಲಿ ಜಾಗ ಹುಡುಕಿದರು. ಎಲ್ಲೂ ಇರಲಿಲ್ಲ, ತೀರ ಕೆಳಗೆ ಒಂದು ಕಡೆ ಬಿಟ್ಟು. ಅಲ್ಲಿ ರೇಷ್ಮೆ ಗಂಟಿನ ಪಕ್ಕದಲ್ಲಿ ಕಟ್ಟಿದರು. ಗಂಡ ಹೆಂಡತಿ ಒಬ್ಬರಿಗೊಬ್ಬರು ಮುಚ್ಚಿಟ್ಟದ್ದು ಅಂಟಿಕೊಂಡೇ ಒಣಗಿತು. ಆ ವಿಷಯ ಇಬ್ಬರಿಗೂ ಕೊನೆಯವರೆಗೆ ಗೊತ್ತಾಗಲಿಲ್ಲ.

ಮಂಗಳವಾರ ಹನೂರಿನಲ್ಲಿ ಎಣಿಕೆ ನಡೆಯಿತು. ಏಣಿಗೆ ನೂರಹದಿನೆಂಟು, ತಕ್ಕಡಿಗೆ ತೊಂಬತ್ತಾರು. ಗಂಟು ನೂರಮೂವತ್ತೆರಡು ಇದ್ದವಲ್ಲ, ಓಟು ಯಾಕೆ ಹದಿನಾಲ್ಕು ಕಡಿಮೆ ಎಂದು ಗುರುಸಿದ್ದಯ್ಯನವರು ತಲೆ ಕೆಡಿಸಿಕೊಂಡರು. ಚನ್ನಮಲ್ಲಮ್ಮನಿಗೆ ಕೂಡಲೇ ತಿಳಿಯಿತು: ಕಡಿಮೆಯೆಂದರೂ ಹದಿನಾಲ್ಕು ಜನ ಪಟೇಲರಿಗೇ ಹಾಕಿ, ಕತ್ತಲಲ್ಲಿ ಯಾವುದಕ್ಕೆ ಹಾಕಿದೆವೋ ಎಂದು ಅನುಮಾನಕ್ಕೆ ಕಟ್ಟಿದ್ದಾರೆ. ಅವರಲ್ಲಿ ತಾನೂ ಒಬ್ಬಳೋ ಎನ್ನುವುದನ್ನು ಮಾತ್ರ ಅವರು ಗಂಡನಿಗೆ ಹೇಳಲಿಲ್ಲ, ಇವರೂ ಕೇಳಲಿಲ್ಲ. ಕೇಳದೆ ಇರುವುದು ಆ ಊರಿನಲ್ಲಿ ಆಗ ತಾನೇ ಶುರುವಾದ ಹೊಸ ಮರ್ಯಾದೆ.

ಯಾರ ಹೊಲವೂ ಹೋಗಲಿಲ್ಲ. ಕಟ್ಟೆಯ ನೀರಿಗೆ ಸರದಿ ಬಂತು, ಪಟೇಲರ ತೋಟಕ್ಕೆ ಗುರುವಾರ ಎಂದಾಯಿತು. ಮೊದಲ ಗುರುವಾರ ಪಟೇಲರು ಏರಿಯ ಮೇಲೆ ಬಂದು ತಮ್ಮ ಸರದಿಗೆ ಕಾದು ಕೂತದ್ದನ್ನು ಕೆಳಗೇರಿಯ ಹೆಂಗಸರು ಬಹಳ ದಿನ ಹೇಳಿಕೊಂಡು ನಕ್ಕರು. ಅಧಿಕಾರಿಗಳ ಊಟ ಕೆಂಪನಂಜಪ್ಪನ ಮನೆಗೆ ವರ್ಗವಾಯಿತು. ಶಂಕರಮ್ಮ ಮೈಕೈ ತುಂಬಿಕೊಂಡರು. ಕೆಂಪನಂಜಪ್ಪನ ಹೆಂಡತಿ ಗೋವಿಂದಮ್ಮ ಆರು ತಿಂಗಳೊಳಗೆ ಗುಡಿಗೆ ಬಂದು, ಮುಂದಿನ ಸಲ ಇವರು ಸೋಲಲಿ ಎಂದು ಹರಕೆ ಹೊತ್ತಳು.

ಅಮಾವಾಸ್ಯೆಯ ದಿನ ಗಂಟು ಬಿಚ್ಚಿ, ಕಾಸನ್ನು ಹುಂಡಿಗೆ ಹಾಕಿದ ಮೇಲೆ, ಚಿಂದಿಗಳನ್ನು ಕಟ್ಟೆಯ ನೀರಿಗೆ ಬಿಡುವುದು ಪದ್ಧತಿ. ಒಂದೆರಡಾದರೆ ಸರಿ, ಇಷ್ಟನ್ನು ಬಿಟ್ಟರೆ ಜನ ಕುಡಿಯುವ ನೀರಲ್ಲವೇ ಎಂದರು ಚನ್ನಮಲ್ಲಮ್ಮ. ಒಂದಕ್ಕೊಂದು ಸೇರಿಸಿ ಹೊಲಿಯುತ್ತ ಕೂತರು. ಬಟ್ಟೆಯ ಮಡಿಕೆಗಳೊಳಗೆ ಉಳಿದಿದ್ದ ಹಸಿರು, ನೀಲಿ, ಜರಿ ಎಲ್ಲ ಹೊಲಿಗೆಯ ಹಿಂಬದಿಗೆ ಹೋಯಿತು. ಮೂರು ತಿಂಗಳಿಗೆ ಒಂದು ಕಾವಿ ಪರದೆಯಾಗಿ, ಗರ್ಭಗುಡಿಯ ಬಾಗಿಲಿಗೆ ಬಂತು.

ಮುಂದಿನ ಪಂಚಾಯ್ತಿ ಚುನಾವಣೆ ಬಂದಾಗ ಯಾರೂ ಆಣೆಯ ಮಾತೆತ್ತಲಿಲ್ಲ. ಓಟಿನ ದಿನ ಬೆಳಿಗ್ಗೆ ಓಟು ನಡೆಸಲು ಕೊಳ್ಳೇಗಾಲದಿಂದ ಬಂದ ಮೇಷ್ಟರು, ಶಾಲೆಯ ಕಂಬಳಿಯನ್ನು ಇಲಿ ತಿಂದುಬಿಟ್ಟಿದೆ, ಮೂಲೆಗೆ ಕಟ್ಟಲು ಏನಾದರೂ ಇದೆಯೇ ಎಂದು ಕೇಳಿಕೊಂಡು ಗುಡಿಗೆ ಬಂದರು. ಗುರುಸಿದ್ದಯ್ಯನವರು ಒಂದು ಕ್ಷಣವೂ ಯೋಚಿಸದೆ ಗರ್ಭಗುಡಿಯ ಪರದೆ ಬಿಚ್ಚಿ ಕೊಟ್ಟರು. ಶಾಲೆಯ ಹೊರಗೆ ಉದ್ದನೆಯ ಸಾಲಿತ್ತು. ಪಟೇಲರು ಈ ಸಲವೂ ನಿಂತಿದ್ದರು, ಸಾಲಿನಲ್ಲಿ ಮುತ್ತಯ್ಯನ ಹಿಂದೆ. ತಮ್ಮ ಸರದಿ ಬಂದಾಗ ಅಂಗಿಯ ಜೇಬಿನಿಂದ ಕನ್ನಡಕ ತೆಗೆದು, ಊರವರೆಲ್ಲರ ಎದುರಿಗೆ ಮೂಗಿನ ಮೇಲೆ ಏರಿಸಿಕೊಂಡು, ಚೀಟಿ ಹಿಡಿದು, ಕಾವಿ ಪರದೆ ಸರಿಸಿ ಒಳಗೆ ಹೋದರು.